ಪಡುವಣ ಗೋಡೆಯ ಸೀರೆಗಳು

ಬ್ಯಾಡಗಿಯ ನಮ್ಮ ದೇವಾಲಯವನ್ನು ಮೊದಲ ಸಲ ನೋಡಿದವರು ಅದನ್ನು ದೇವಾಲಯ ಅನ್ನುವುದಿಲ್ಲ, ಮೆಣಸಿನಕಾಯಿ ಗೋದಾಮು ಅನ್ನುತ್ತಾರೆ. ಕೇಳಿದ ಕೂಡಲೇ ನನಗೆ ಮೈಯೆಲ್ಲ ಉರಿಯುತ್ತದೆ. ಅನ್ನುವವರ ತಪ್ಪೂ ಅಲ್ಲ ಬಿಡಿ. ಕಟ್ಟಿ ಮುಗಿಸಿದ ವರ್ಷವೇ ಅಗಡಿ ಕಡೆಯ ರೈತನೊಬ್ಬ ಚಕ್ಕಡಿ ತುಂಬ ಮೆಣಸಿನಕಾಯಿ ಹೇರಿಕೊಂಡು ಬಂದು, ಇದು ಯಾರೋ ಸಾವುಕಾರರ ಹೊಸ ಗೋದಾಮು ಎಂದು ತಿಳಿದು, ಅಂಗಳದಲ್ಲಿ ಚೀಲ ಇಳಿಸಿ ಅವುಗಳ ಮೇಲೆಯೇ ಮಲಗಿಬಿಟ್ಟಿದ್ದನಂತೆ. ಬೆಳಗ್ಗೆ ಪ್ರಾರ್ಥನೆಯ ಗಂಟೆ ಹೊಡೆದಾಗ ದಡಬಡಿಸಿ ಎದ್ದು, ಹರಾಜಿನ ಸವಾಲು ಶುರುವಾಯಿತೆಂದು ಚೀಲದ ಬಾಯಿ ಬಿಚ್ಚಿ ಕೂತನಂತೆ. ಈ ಕಥೆಯನ್ನು ನಮ್ಮವ್ವ ತನ್ನ ಅತ್ತೆಯಿಂದ ಕೇಳಿದ್ದಳು. ಆದರೆ ಕಣ್ಣಾರೆ ಕಂಡವಳ ಹಾಗೆ ಹೇಳುತ್ತಿದ್ದಳು, ಹೇಳಿದಾಗಲೆಲ್ಲ ಆ ರೈತನ ಚಕ್ಕಡಿಗೆ ಇನ್ನೊಂದು ಚೀಲ ಏರಿಸುತ್ತಿದ್ದಳು.

ನಾವು ಲೂಥರನ್ ಪಂಗಡದ ಕ್ರೈಸ್ತರು. ಊರಲ್ಲಿ ನಮ್ಮ ಮನೆಗಳು ಬೆರಳೆಣಿಕೆಯಷ್ಟು. ನಾನು ಹಾವೇರಿಯ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆಯ ಟೀಚರ್ ಆಗಿದ್ದು ಈಗ ನಿವೃತ್ತಳು. ಮಕ್ಕಳಿಗೆ ಗೆರೆ ಎಳೆಯುವುದನ್ನು ಕಲಿಸುತ್ತ ನನ್ನ ಜೀವಮಾನ ಹೋಯಿತು. ಆದ್ದರಿಂದ ನಮ್ಮ ದೇವಾಲಯದ ಬಗ್ಗೆ ನಾನು ಹೆಮ್ಮೆಯಿಂದ ಮಾತಾಡಿದರೆ ಅದು ಬರೀ ಭಕ್ತಿಯ ಮಾತಲ್ಲ. ಗೆರೆ ತಿಳಿದವಳ ಮಾತು.

ನಕ್ಷೆ ಬರೆದವರು ಜರ್ಮನಿಯಿಂದ ಬಂದಿದ್ದ ಒಬ್ಬ ಪಾದ್ರಿ. ಊರವರು ಅವರನ್ನು ಉದ್ದನ್ನ ದೊರೆ ಅನ್ನುತ್ತಿದ್ದರಂತೆ. ಯುದ್ಧ ಮುಗಿದ ಮೇಲೆ ಅವರ ದೇಶದಲ್ಲಿ ಬಾಂಬು ಬಿದ್ದು ಹಾಳಾದ ಚರ್ಚುಗಳನ್ನು ಹೊಸ ನಮೂನೆಯಲ್ಲಿ ಕಟ್ಟುತ್ತಿದ್ದ ಕಾಲ ಅದು. ಚೂಪು ಗೋಪುರ ಬೇಡ, ಕಮಾನು ಬೇಡ, ಕೆತ್ತನೆ ಬೇಡ. ಕಲ್ಲು ಕಲ್ಲಿನ ಹಾಗೆ ಕಾಣಲಿ, ಸಿಮೆಂಟು ಸಿಮೆಂಟಿನ ಹಾಗೆ ಕಾಣಲಿ, ಸುಳ್ಳು ಸಿಂಗಾರ ಬೇಡವೇ ಬೇಡ ಎನ್ನುವ ನಮೂನೆ. ಅದನ್ನು ಅವರು ಹಾಗೇ ಎತ್ತಿಕೊಂಡು ನಮ್ಮೂರಿಗೆ ತಂದರು.

ಮಾಡು ಎರಡೂ ಕಡೆ ಸಮನಾಗಿ ಇಳಿಯುವುದಿಲ್ಲ. ಪಡುವಣಕ್ಕೆ ಬಹಳ ಎತ್ತರ. ಅಲ್ಲಿಂದ ಮಂಗಳೂರು ಹಂಚಿನ ಒಂದೇ ಇಳಿಜಾರು ಮೂಡಣಕ್ಕೆ ಇಳಿಯುತ್ತ ಬಂದು, ಆಳೆತ್ತರಕ್ಕಿಂತ ತುಸು ಕೆಳಗೆ ನಿಲ್ಲುತ್ತದೆ. ಬಾಗಿಲಿರುವುದು ಆ ತಗ್ಗಿನ ಕಡೆ. ಅಂಗಳದಲ್ಲಿ ಚಪ್ಪಲಿ ಬಿಟ್ಟು, ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಬಗ್ಗದವರಿಗೆ ಸೂರಿನ ಪಟ್ಟಿ ಹಣೆಗೆ ಬಡಿದು ಬುದ್ಧಿ ಹೇಳುತ್ತದೆ. ನನ್ನ ತಮ್ಮ ಎತ್ತರದ ಆಳು, ಚಿಕ್ಕಂದಿನಿಂದ ಗಡಿಬಿಡಿಯವನು. ಅವನ ಹಣೆಯ ಮೇಲಿನ ಗಾಯದ ಗುರುತು ದೇವಾಲಯವೇ ಕೊಟ್ಟದ್ದು. ಬಗ್ಗಿ ಒಳಗೆ ಬಂದು ತಲೆ ಎತ್ತಿದರೆ ಸೂರು ಮೇಲೆ ಮೇಲೆ ಏರುತ್ತ ಪಡುವಣ ಗೋಡೆಯ ತುದಿಗೆ ಹೋಗುತ್ತದೆ, ಅದರ ಜೊತೆ ನಮ್ಮ ಎದೆಯೂ ಏರುತ್ತದೆ. ಚಿಕ್ಕ ಊರಿನ ಚಿಕ್ಕ ಕಟ್ಟಡದಲ್ಲಿ ಇಷ್ಟು ದೊಡ್ಡ ಜಾಗ ಎಲ್ಲಿಂದ ಬಂತು ಎಂದು ಬಂದವರೆಲ್ಲ ಬೆರಗಾಗುತ್ತಾರೆ.

ಬಲಿಪೀಠವಿರುವುದು ಬಡಗಣ ತುದಿಗೆ, ಅದರ ಹಿಂದಿನ ಗೋಡೆ ಇಲ್ಲಿಯದೇ ಕರಿಕಲ್ಲಿನದು. ಗಿಲಾವಿಲ್ಲ, ಬಣ್ಣವಿಲ್ಲ, ಒಂದು ಮರದ ಶಿಲುಬೆ ಅಷ್ಟೆ. ಅದರ ನೇರಕ್ಕೆ ಮಾಡಿನಲ್ಲಿ ಗಾಜಿನ ಹಂಚು ಕೂರಿಸಿದ್ದಾರೆ. ಕೂತವರಿಗೆ ಆ ಹಂಚು ಕಾಣುವುದಿಲ್ಲ, ಅದರ ಬೆಳಕು ಮಾತ್ರ ಶಿಲುಬೆಯ ಮೇಲೆ ಇಳಿದದ್ದು ಕಾಣುತ್ತದೆ. ದೀಕ್ಷಾಸ್ನಾನದ ಕಲ್ಲು ನೋಡಿದರೆ ರುಬ್ಬುವ ಒರಳು. ಗಂಟೆಗೂ ಗೋಪುರವಿಲ್ಲ. ಅಂಗಳದಲ್ಲಿ ಎರಡು ಸಿಮೆಂಟಿನ ಕಂಬ, ಮೇಲೆ ಒಂದು ಅಡ್ಡ ತೊಲೆ, ನಡುವೆ ಗಂಟೆ. ಓಣಿಯವರು ಅದಕ್ಕೆ ಜೋಕಾಲಿ ಕಂಬ ಎಂದೇ ಹೆಸರಿಟ್ಟಿದ್ದಾರೆ. ಪಂಚಮಿ ಹಬ್ಬದಲ್ಲಿ ಓಣಿಯ ಹುಡುಗಿಯರು ಅದಕ್ಕೆ ಖರೇನೇ ಹಗ್ಗ ಕಟ್ಟಿ ಜೀಕಿದ್ದುಂಟು. ಯಾವ ಪಾದ್ರಿಯೂ ಬೇಡ ಅನ್ನಲಿಲ್ಲ.

ಇನ್ನು ಪಡುವಣ ಗೋಡೆ. ಅದನ್ನು ಗೋಡೆ ಅನ್ನುವುದೇ ಕಷ್ಟ, ಏಕೆಂದರೆ ನೆಲದಿಂದ ಸೂರಿನವರೆಗೆ ಅದು ಪೂರ್ತಿ ಜಾಳಿ. ಸಿಮೆಂಟಿನ ಬಿಲ್ಲೆಗಳು, ಒಂದೊಂದು ಬಿಲ್ಲೆಯಲ್ಲೂ ಶಿಲುಬೆಯ ಆಕಾರದ ತೂತು, ಒಂದರ ಮೇಲೊಂದು ಜೋಡಿಸಿ ಸುಣ್ಣ ಹೊಡೆದದ್ದು. ಉದ್ದನ್ನ ದೊರೆ ನಮ್ಮೂರಿಗೆ ಬಂದದ್ದು ಶ್ರಾವಣದಲ್ಲಿ. ಪಡುವಣದಿಂದ ತಂಪು ಗಾಳಿ ಬೀಸುವುದನ್ನು ಕಂಡು ಅವರಿಗೆ ಬಲು ಖುಷಿಯಾಯಿತಂತೆ. ಈ ಗಾಳಿಯನ್ನೆಲ್ಲ ಒಳಗೆ ಕರೆಯೋಣ ಎಂದು ಇಡೀ ಗೋಡೆಯನ್ನೇ ತೂತು ಮಾಡಿಬಿಟ್ಟರು. ಪಾಪ, ಆ ಮನುಷ್ಯ ಬ್ಯಾಡಗಿಯನ್ನು ಸುಗ್ಗಿಯಲ್ಲಿ ನೋಡಿರಲಿಲ್ಲ.

ದೇವಾಲಯದ ಪಡುವಣಕ್ಕಿರುವುದೇ ಮೆಣಸಿನಕಾಯಿ ಗೋದಾಮುಗಳ ಸಾಲು. ಸೋಮವಾರದ ಮಾರುಕಟ್ಟೆಗೆ ರವಿವಾರವೇ ಲಾರಿಗಳು ಬಂದು ನಿಲ್ಲುತ್ತವೆ. ಚೀಲ ಇಳಿಸುವವರು, ಸುರಿದು ಆರಿಸುವವರು, ತೊಟ್ಟು ಬಿಡಿಸುವ ಹೆಂಗಸರು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ ಖಾರ ಕಡಿಮೆ ಎಂದು ಹೊರಗಿನವರು ಓದಿಕೊಂಡು ಬರುತ್ತಾರೆ. ಸುಗ್ಗಿಯಲ್ಲಿ ಇಲ್ಲಿ ನಿಂತು ಒಮ್ಮೆ ಉಸಿರು ಎಳೆದುಕೊಳ್ಳಲಿ, ಆಮೇಲೆ ಮಾತಾಡೋಣ. ಮೊದಲ ವರ್ಷದ ಶುಭ ಶುಕ್ರವಾರ ಉದ್ದನ್ನ ದೊರೆಯೇ ಉಪದೇಶದ ಪ್ರಸಂಗಕ್ಕೆ ನಿಂತಿದ್ದರಂತೆ. ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳಲ್ಲಿ ಮೂರನೆಯದಕ್ಕೆ ಬರುವಷ್ಟರಲ್ಲಿ ಸೀನಲು ಶುರುಮಾಡಿದವರು ನಿಲ್ಲಿಸಲೇ ಇಲ್ಲವಂತೆ. ಸಭೆಯೂ ಸೀನಿತು, ಕೆಮ್ಮಿತು, ಕಣ್ಣೀರು ಹಾಕಿತು. ಅಷ್ಟು ಜನ ಮನಸಾರೆ ಅತ್ತ ಶುಭ ಶುಕ್ರವಾರ ಮತ್ತೆ ಬರಲಿಲ್ಲ ಎಂದು ನಮ್ಮಜ್ಜಿ ನಗುತ್ತಿದ್ದಳಂತೆ.

ಗಂಡಸರು ಸಭೆ ಸೇರಿ, ಗೋಡೆ ಮುಚ್ಚಬೇಕೋ ನಕ್ಷೆ ಬದಲಿಸಬೇಕೋ ಎಂದು ತಲೆ ಕೆರೆದುಕೊಳ್ಳುತ್ತಿದ್ದಾಗ, ಹೆಂಗಸರು ಮಾತಾಡಲಿಲ್ಲ. ಮುಂದಿನ ರವಿವಾರ ನಮ್ಮಜ್ಜಿ ಮನೆಯಿಂದ ಒಂದು ಹಳೆಯ ಇಳಕಲ್ ಸೀರೆ ತಂದು, ಅಂಗಳದ ಬಾವಿಯ ನೀರಿನಲ್ಲಿ ತೋಯಿಸಿ, ಬಿದಿರಿನ ಗಳಕ್ಕೆ ಹಾಕಿ ಜಾಳಿಗೆ ಒಳಗಿನಿಂದ ಹಚ್ಚಿ ಇಳಿಬಿಟ್ಟಳು. ಮೊದಲು ಸೀರೆ ಹಾಕಿದ್ದು ತಮ್ಮಜ್ಜಿಯೇ ಎಂದು ನಮ್ಮಲ್ಲಿ ಪ್ರತಿ ಮನೆಯವರೂ ಹೇಳುತ್ತಾರೆ. ಹೇಳಲಿ. ನಮ್ಮದು ಖರೆ.

ಧೂಳು ಒದ್ದೆ ಸೀರೆಗೆ ಅಂಟಿ ನಿಂತಿತು. ಗಾಳಿ ಮಾತ್ರ ಒಳಗೆ ಬಂತು, ಅದೂ ತಣ್ಣಗೆ. ಚೈತ್ರದ ಬಿಸಿಲಲ್ಲಿ ಊರೆಲ್ಲ ಬೇಯುತ್ತಿರುವಾಗ ನಮ್ಮ ದೇವಾಲಯದಲ್ಲಿ ಮಾತ್ರ ಹೊಸ ಗಡಿಗೆಯ ಬದಿಗೆ ಕೂತ ಹಾಗೆ. ತಂಪಿಗಿಂತ ದೊಡ್ಡದು ಬೆಳಕು. ಎದುರಿನ ಗೋದಾಮುಗಳ ಗೋಡೆಗೆ ಬಿದ್ದ ಬೆಳಗಿನ ಬಿಸಿಲು ಜಾಳಿಯ ತೂತುಗಳಿಂದ ತಿರುಗಿ ಬಂದು, ಸೀರೆಗಳನ್ನು ದಾಟಿ ಹಸಿರು, ನೇರಳೆ, ಕೆಂಪಾಗಿ ನೆಲದ ಫರ್ಸಿಕಲ್ಲಿನ ಮೇಲೆ, ಚಾಪೆಯ ಮೇಲೆ, ಕೂತವರ ಮುಖದ ಮೇಲೆ ಬೀಳುತ್ತದೆ. ರಾಣೆಬೆನ್ನೂರಿನಲ್ಲಿರುವ ನಮ್ಮ ನೆಂಟರು ಅಲ್ಲಿಯ ಕಿಟಕಿಯ ಬಣ್ಣದ ಗಾಜಿನ ಬಗ್ಗೆ ಜಂಬ ಕೊಚ್ಚುತ್ತಾರೆ. ಪರದೇಶದಿಂದ ಬಂದದ್ದಂತೆ. ಇರಲಿ ಬಿಡಿ, ಅದನ್ನು ಉಟ್ಟವರು ಯಾರಾದರೂ ಇದ್ದಾರೆಯೇ? ನಮ್ಮ ಗೋಡೆಯ ಮೇಲಿನ ಒಂದೊಂದು ಬಣ್ಣವನ್ನೂ ಯಾರೋ ಒಬ್ಬಾಕೆ ಉಟ್ಟು, ಹೊಲಕ್ಕೆ ಹೋಗಿ, ರೊಟ್ಟಿ ಬಡಿದು, ಮಗುವಿನ ಮೂಗು ಒರೆಸಿ, ಹಳತು ಮಾಡಿ ಕೊಟ್ಟದ್ದು.

ಹೀಗೆ ಅದು ಪದ್ಧತಿಯಾಯಿತು. ಸುಗ್ಗಿಯ ಪ್ರತಿ ರವಿವಾರ ಒಂದೊಂದು ಮನೆಯ ಹೆಂಗಸರಿಗೆ ತೋಯಿಸುವ ಪಾಳಿ. ಗಂಡಸರು ಆ ಸೀರೆಗಳನ್ನು ಮುಟ್ಟುವ ಹಾಗಿಲ್ಲ. ಅದು ಯಾರು ಮಾಡಿದ ನಿಯಮವೋ ಗೊತ್ತಿಲ್ಲ, ಗಂಡಸರಿಗೇ ಅನುಕೂಲವಾದದ್ದರಿಂದ ಯಾರೂ ಕೇಳಲೂ ಇಲ್ಲ. ಸೀರೆ ಹಳೆಯದಿರಬೇಕು, ಒಗೆದು ಒಗೆದು ಬಣ್ಣ ಬಿಡುವುದು ನಿಂತಿರಬೇಕು, ಇಲ್ಲದಿದ್ದರೆ ಜಾಳಿಯ ಬಿಳಿ ಸುಣ್ಣ ಹಾಳು. ಮತ್ತೊಂದು ಮಾತು. ಮನೆಯ ಹಿರಿಯಾಕೆ ತೀರಿಕೊಂಡರೆ, ಆಮೇಲೆ ಬರುವ ಸುಗ್ಗಿಯಲ್ಲಿ ಅವಳ ಒಂದು ಸೀರೆ ಗೋಡೆಗೆ ಬರಬೇಕು. ಒಳಗೆ ಬಂದವರು ಸೀರೆಯನ್ನು ನೋಡಿ, ಗುರುತು ಹಿಡಿದು, ಸುಮ್ಮನೆ ಕೂತುಕೊಳ್ಳುತ್ತಾರೆ.

ನಮ್ಮವ್ವ ಎರಡು ವರ್ಷದ ಹಿಂದೆ ಆಷಾಢದಲ್ಲಿ ತೀರಿಕೊಂಡಳು. ತುಂಬಿದ ವಯಸ್ಸು, ಹೆಚ್ಚು ನರಳಲಿಲ್ಲ. ಅವಳಿಗೆ ತಾನು ಹೇಗೆ ಕಾಣುತ್ತೇನೆಂಬ ಪರಿವೆಯೇ ಇರಲಿಲ್ಲ, ಜೀವಮಾನವೆಲ್ಲ ಬಣ್ಣ ಹೋದ ಸೀರೆಗಳನ್ನೇ ಉಟ್ಟಳು. ನಾನು ಸಂಬಳದಲ್ಲಿ ತಂದುಕೊಟ್ಟ ಸೀರೆಗಳನ್ನು ನಾದಿನಿಯರಿಗೆ, ಓಣಿಯ ಬಾಣಂತಿಯರಿಗೆ ಹಂಚಿಬಿಡುತ್ತಿದ್ದಳು. ನನಗೂ ಅವಳಿಗೂ ಇದೇ ಜಗಳ. ಹಾಸಿಗೆ ಹಿಡಿಯುವ ಸ್ವಲ್ಪ ಮೊದಲು ಒಂದು ಮಧ್ಯಾಹ್ನ ನನ್ನನ್ನು ಟ್ರಂಕಿನ ಹತ್ತಿರ ಕರೆದಳು. ಹಳೆಯ ಧೋತರದಲ್ಲಿ ಸುತ್ತಿದ್ದ ಒಂದು ಇಳಕಲ್ ಸೀರೆ ತೋರಿಸಿದಳು. ದಾಳಿಂಬೆ ಬಣ್ಣದ ಒಡಲು, ಕೆಂಪು ಸೆರಗು, ಸೆರಗಿನಲ್ಲಿ ಬಿಳಿ ತೆನೆಗಳು.

"ನಾ ಹೋದ ಮ್ಯಾಲ ಗ್ವಾಡಿಗೆ ಇದನ್ನ ಹಾಕು," ಅಂದಳು. "ಬ್ಯಾರೇದು ಹಾಕಬ್ಯಾಡ ಮತ್ತ."

ನನಗೆ ಆ ಸೀರೆಯ ನೆನಪಿರಲಿಲ್ಲ. ತಮ್ಮನ ಮದುವೆಯಲ್ಲಿ ಉಟ್ಟದ್ದಿರಬೇಕು ಅಂದುಕೊಂಡೆ. ಹೂಂ ಅಂದೆ. ಅವ್ವ ಅದನ್ನು ಮತ್ತೆ ಸುತ್ತಿ ಒಳಗಿಟ್ಟು ಟ್ರಂಕಿನ ಮುಚ್ಚಳ ಹಾಕಿದಳು.

ತಮ್ಮ ರಾಣೆಬೆನ್ನೂರಿನಲ್ಲಿ ಬೀಜದ ವ್ಯಾಪಾರ ಮಾಡುತ್ತಾನೆ. ದಿನಾ ಬ್ಯಾಡಗಿಯಿಂದ ಹೋಗಿ ಬರುತ್ತಾನೆ. ಸಭೆಯ ಕಮಿಟಿಗೆ ಅವನೇ ಸೆಕ್ರೆಟರಿ. ಸಂಕ್ರಾಂತಿ ಕಳೆದ ಮೇಲಿನ ಒಂದು ರವಿವಾರ, ಪ್ರಾರ್ಥನೆ ಮುಗಿದ ಮೇಲೆ, ಪಡುವಣ ಜಾಳಿಯನ್ನು ಒಳಗಿನಿಂದ ಗಾಜು ಹಾಕಿ ಮುಚ್ಚಿ, ಎರಡು ದೊಡ್ಡ ಕೂಲರ್ ಕೂರಿಸುವುದೆಂದು ಕಮಿಟಿ ಯೋಚಿಸಿದೆ ಎಂದು ಹೇಳಿದ. ಹೇಳುವಾಗ ನನ್ನ ಕಡೆ ನೋಡಲಿಲ್ಲ. ನನ್ನ ಸಿಟ್ಟು ಅವನಿಗೆ ಗೊತ್ತು.

ಅವನ ಮಾತಿನಲ್ಲಿ ನ್ಯಾಯ ಇರಲಿಲ್ಲ ಎಂದು ಹೇಳಲಾರೆ. ಹೊಸದಾಗಿ ಬಂದ ಪಾದ್ರಿ ಅಯ್ಯನವರಿಗೆ ದಮ್ಮು, ಧೂಳು ಬಿದ್ದರೆ ಉಬ್ಬಸ. ಮನೆಗಳು ಕಡಿಮೆಯಾಗಿವೆ. ಕೆಲಸಕ್ಕೆ ಹೋಗುವ ಸೊಸೆಯಂದಿರು ಹಾವೇರಿಯಿಂದ, ರಾಣೆಬೆನ್ನೂರಿನಿಂದ ಬಸ್ಸು ಹಿಡಿದು ಗಂಟೆ ಹೊಡೆಯುವ ಹೊತ್ತಿಗೆ ಓಡಿ ಬರುತ್ತಾರೆ. ಪಾಳಿ ಅನ್ನುವುದು ಹೆಸರಿಗಷ್ಟೇ ಉಳಿದಿತ್ತು. ವರ್ಷದಿಂದ ವರ್ಷಕ್ಕೆ ಸೀರೆ ತೋಯಿಸುವವರೆಂದರೆ ನಾನು, ಮತ್ತೆ ನನಗಿಂತ ಮುದುಕಿಯರಾದ ಒಂದಿಬ್ಬರು. ಒದ್ದೆ ಸೀರೆಯ ಭಾರ ಹೊತ್ತವರಿಗೇ ಗೊತ್ತು.

ಮನೆಗೆ ಬಂದು ಜಗಳ ತೆಗೆದೆ. ಅವನು ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದ.

"ಅಕ್ಕಾ, ಇನ್ನ ಮುಂದ ತೋಯ್ಸೋರು ಯಾರು?"

ನಾನು ಇನ್ನಷ್ಟು ಕೂಗಾಡಿದೆ. ಅಪ್ಪ ಇದ್ದಿದ್ದರೆ, ಅವ್ವ ಇದ್ದಿದ್ದರೆ ಎಂದು ಸತ್ತವರನ್ನೆಲ್ಲ ಎಳೆತಂದೆ. ಅವನು ಊಟ ಬಿಟ್ಟು ಎದ್ದುಹೋದ.

ಗಾಜು ಕೊಯ್ಯಿಸುವ ಮೊದಲು ಒಂದು ಸಲ ನೋಡೋಣವೆಂದು ಕಮಿಟಿಯವರು ದಪ್ಪನೆಯ ಪ್ಲಾಸ್ಟಿಕ್ ಹಾಳೆ ತಂದು ಇಡೀ ಜಾಳಿಗೆ ಬಿಗಿದರು. ಹೋಳಿ ಮುಗಿದ ಮೇಲಿನ ರವಿವಾರ ಅದು. ಸತ್ಯ ಹೇಳಬೇಕು, ಧೂಳು ಒಂದು ಚೂರೂ ಬರಲಿಲ್ಲ. ಗಾಳಿಯೂ ಬರಲಿಲ್ಲ. ಫ್ಯಾನುಗಳು ಬಿಸಿಯನ್ನೇ ತಿರುವಿ ತಿರುವಿ ತಲೆಯ ಮೇಲೆ ಸುರಿದವು. ಹಾಡಿನ ಗತಿ ಇನ್ನೂ ಕೆಟ್ಟದ್ದು. ನಾವು ಹಾಡುವುದು ಜರ್ಮನ್ ರಾಗಕ್ಕೆ ಕೂರಿಸಿದ ಕನ್ನಡ ಗೀತೆಗಳನ್ನು, ನಿಧಾನವಾಗಿ, ಹಾರ್ಮೋನಿಯಂ ಪೇಟಿಯ ಜೊತೆ. ಯಾವಾಗಲೂ ಧ್ವನಿ ಆ ಇಳಿಜಾರು ಸೂರಿನ ಕೆಳಗೆ ಏರಿಕೊಂಡು ಹೋಗಿ ಜಾಳಿಯಿಂದ ಹೊರಗೆ ಹರಿದುಬಿಡುತ್ತಿತ್ತು. ಅವತ್ತು ಹೋಗಲು ದಾರಿಯಿಲ್ಲದೆ ತಿರುಗಿ ಬಂತು. ಮೊದಲ ಸಾಲು ಮುಗಿಯುವ ಮೊದಲೇ ಅದು ಎರಡನೆಯ ಸಾಲಿನ ಮೇಲೆ ಬಂದು ಬಿತ್ತು, ಪೇಟಿ ಬಾರಿಸುವವರು ತಾಳ ತಪ್ಪಿದರು, ಅಯ್ಯನವರ ಮಾತು ಹಿಂದೆ ಕೂತವರಿಗೆ ಗೊಜಗೊಜ ಕೇಳಿಸಿತು. ಐವತ್ತರ ದಶಕದ ಆ ಉದ್ದನ್ನ ದೊರೆ ಧೂಳಿನ ವಿಷಯದಲ್ಲಿ ಎಡವಿರಬಹುದು. ಕಿವಿಯ ವಿಷಯದಲ್ಲಿ ಅವರು ಎಡವಿರಲಿಲ್ಲ ಎಂದು ನನಗೆ ಅವತ್ತು ಗೊತ್ತಾಯಿತು.

ಹೊರಗೆ ಬಂದಾಗ ಗೋದಾಮಿನ ನೆರಳಲ್ಲಿ ತೊಟ್ಟು ಬಿಡಿಸುತ್ತ ಕೂತಿದ್ದ ಹೆಂಗಸರಲ್ಲಿ ಒಬ್ಬಾಕೆ ನನ್ನನ್ನು ಕರೆದಳು. ಮುಸಲ್ಮಾನರ ಮನೆಯಾಕೆ, ಅವಳ ಮಕ್ಕಳು ನನ್ನ ಹತ್ತಿರ ಚಿತ್ರ ಕಲಿತವರು. ಇವತ್ತು ಪ್ರಾರ್ಥನೆ ಇರಲಿಲ್ಲವೇ, ಹಾಡು ಕೇಳಲೇ ಇಲ್ಲವಲ್ಲ ಎಂದು ಕೇಳಿದಳು. ಇತ್ತು ಎಂದೆ. ಅವಳು ಪ್ಲಾಸ್ಟಿಕ್ ಹೊದ್ದ ಜಾಳಿಯನ್ನು ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ತೊಟ್ಟು ಬಿಡಿಸತೊಡಗಿದಳು.

ಕಮಿಟಿಯವರು ಅಂಗಳದಲ್ಲಿ ಗಂಟೆಯ ಕಂಬದ ಕೆಳಗೆ ಬೆವರು ಒರೆಸಿಕೊಳ್ಳುತ್ತ ನಿಂತಿದ್ದರು. ಕೂಲರ್ ಬಂದರೆ ಸೆಕೆ ಹೋಗುತ್ತದೆ, ಮೈಕು ಹಾಕಿದರೆ ಧ್ವನಿ ಸರಿಯಾಗುತ್ತದೆ ಎಂದು ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಳ್ಳುತ್ತಿದ್ದರು. ಮುಂದಿನ ವಾರ ಗಾಜಿನವನನ್ನು ಕರೆಸುವ ಮಾತು ಆಯಿತು. ನನಗೆ ತಡೆಯಲಾಗಲಿಲ್ಲ. ಹೆಂಗಸರು ಕಮಿಟಿಯ ಮಾತಿಗೆ ನಡುವೆ ಬಾಯಿ ಹಾಕುವ ರೂಢಿ ನಮ್ಮಲ್ಲಿ ಇಲ್ಲ. ನಾನು ಹಾಕಿದೆ, ಅದೂ ನೇರ ತಮ್ಮನಿಗೆ.

"ಅವ್ವನ ಸೀರಿ ಎಲ್ಲಿ ಹಾಕೂದು ಹೇಳು. ನಿನ್ನ ಕೂಲರಿಗೆ ಹೊಚ್ಚಲ್ಯಾ?"

ತಮ್ಮನ ಮುಖ ಸಣ್ಣದಾಯಿತು. ಯಾವ ಸೀರೆ ಎಂದು ಮೆಲ್ಲಗೆ ಕೇಳಿದ. ಆಗ ನನಗೆ ಹೊಳೆಯಿತು, ಅವನಿಗೆ ಗೊತ್ತೇ ಇಲ್ಲ. ಸೀರೆಯ ಮಾತು ಹೆಂಗಸರ ಮಾತೆಂದು ಅವ್ವ ಮಗನಿಗೆ ಹೇಳಿರಲಿಲ್ಲ, ಹೆಂಗಸರ ಮಾತೆಂದು ನಾನೂ ಹೇಳಿರಲಿಲ್ಲ. ಅವ್ವ ಟ್ರಂಕು ತೆಗೆದು ತೋರಿಸಿದ್ದನ್ನು ಅಲ್ಲೇ ಎಲ್ಲರೆದುರು ಹೇಳಿದೆ. ಅವ್ವ ತನಗೆಂದು ಕೇಳಿದ್ದು ಜೀವಮಾನದಲ್ಲಿ ಅದೊಂದೇ, ಅದನ್ನೂ ನಡೆಸಿಕೊಡಲಾಗದೆ ಹೋಗುತ್ತದಲ್ಲ ಎಂದು ನನಗೆ ಸಿಟ್ಟಿಗಿಂತ ಸಂಕಟವೇ ಹೆಚ್ಚಾಗಿತ್ತು. ಸೀರೆಯ ಗಂಟು ಹಿಡಿದು ಬಂದವಳ ಹಾಗೆ ಕೈ ಮುಂದೆ ಚಾಚಿಕೊಂಡು ನಿಂತಿದ್ದೆನಂತೆ, ಆಮೇಲೆ ಯಾರೋ ಹೇಳಿದರು.

ವಾರವಿಡೀ ತಮ್ಮ ನಾನು ಏಳುವ ಮೊದಲೇ ವ್ಯಾಪಾರಕ್ಕೆ ಹೊರಟುಬಿಡುತ್ತಿದ್ದ. ಶನಿವಾರ ಸಂಜೆ ರಾಣೆಬೆನ್ನೂರಿನಿಂದ ಬಂದವನು ಕೈಕಾಲು ತೊಳೆದು ನೇರ ನನ್ನ ಕೋಣೆಗೆ ಬಂದ. ಪ್ಲಾಸ್ಟಿಕ್ ತೆಗೆಸಿದ್ದೇನೆ ಅಂದ. ಈ ಒಂದು ರವಿವಾರಕ್ಕೆ, ಅವ್ವನ ಸಲುವಾಗಿ. ಆಮೇಲೆ ಗಾಜಿನ ಕೆಲಸ ನಡೆಯುತ್ತದೆ, ಅದಕ್ಕೆ ನಾನು ಅಡ್ಡಿ ಮಾಡಬಾರದು ಎಂದ. ನಾನು ಒಪ್ಪಿದೆ. ಒಂದು ರವಿವಾರವಾದರೆ ಒಂದು ರವಿವಾರ. ಟ್ರಂಕಿನಿಂದ ಗಂಟು ತೆಗೆದೆ. ಅವನು ಎರಡೂ ಕೈ ಮುಂದೆ ಮಾಡಿದ.

"ಕೊಡು. ನಾ ತೋಯಿಸಿ ಹಾಕ್ತೇನಿ."

ಗಂಡಸರು ಮುಟ್ಟುವ ಪದ್ಧತಿ ಇಲ್ಲ ಎಂದು ನೆನಪು ಮಾಡಿದೆ.

"ನಮ್ಮವ್ವನ ಸೀರಿ ನಾ ಮುಟ್ಟದ ಮತ್ಯಾರು ಮುಟ್ಟಬೇಕು?" ಅಂದ.

ರವಿವಾರ ಬೆಳಗ್ಗೆ ನಾವು ಎಲ್ಲರಿಗಿಂತ ಮೊದಲು ಹೋದೆವು. ನಾನು ಒಳಗೆ ಚಾಪೆ ಹಾಸಿ, ಹಳೆಯ ಸೀರೆಗಳನ್ನು ತೋಯಿಸಿ ಹಾಕುತ್ತಿದ್ದೆ. ಅವನು ಬಾವಿಯ ಹಿಂದೆ ಬಕೆಟ್ಟಿನಲ್ಲಿ ಅವ್ವನ ಸೀರೆ ತೋಯಿಸುತ್ತಿದ್ದ. ಸೀರೆ ತೋಯಿಸುವುದೆಂದರೆ ಏನೆಂದು ಅವನಿಗೇನು ಗೊತ್ತು? ಅದ್ದಿದ, ಹಿಂಡದೆ ಎತ್ತಿದ, ಹೆಗಲ ಮೇಲೆ ಹಾಕಿಕೊಂಡು ಸೋರಿಸುತ್ತ ಬಂದ. ಅವಸರದಲ್ಲಿ ಬಗ್ಗುವುದನ್ನು ಮರೆತು ಬಾಗಿಲಲ್ಲಿ ಹಣೆ ಬಡಿಸಿಕೊಂಡ. ಸ್ಟೂಲಿನ ಮೇಲೆ ನಿಂತು, ಅವ್ವ ಯಾವಾಗಲೂ ಕೂತುಕೊಳ್ಳುತ್ತಿದ್ದ ಜಾಗದ ನೇರಕ್ಕೆ ಗಳ ಏರಿಸಿ ಸೀರೆ ಇಳಿಬಿಟ್ಟ. ಅಷ್ಟರಲ್ಲಿ ಜನ ಬಂದರು, ಗಂಟೆ ಹೊಡೆಯಿತು.

ಗಾಳಿ ಬಂತು. ಹಾಡು ಮೊದಲಿನ ಹಾಗೆ ಏರಿ ಹೊರಗೆ ಹೋಯಿತು. ದಾಳಿಂಬೆ ಬಣ್ಣದ ಬೆಳಕು ನೆಲದ ಮೇಲೆ ಬಿತ್ತು. ಅಯ್ಯನವರು ವಾಕ್ಯ ಓದತೊಡಗಿದರು. ನನ್ನ ಹಿಂದೆ ಕೂತವರು ಪಿಸುಗುಟ್ಟಿದ್ದು ಕೇಳಿ ತಿರುಗಿದೆ. ಅವ್ವನ ಸೀರೆಯಿಂದ ಕೆಂಪು ನೀರು ಇಳಿಯುತ್ತಿತ್ತು. ಸೆರಗಿನಿಂದ, ಅಂಚಿನಿಂದ, ಒಡಲಿನಿಂದ ಹನಿ ಹನಿಯಾಗಿ ಇಳಿದು, ಗಾಳಿಗೆ ಸೀರೆ ಜಾಳಿಗೆ ಒತ್ತಿದಾಗಲೆಲ್ಲ ಬಿಳಿ ಸುಣ್ಣಕ್ಕೆ ಹತ್ತುತ್ತಿತ್ತು. ಒಂದು ಬಿಲ್ಲೆಯ ತೂತಿನಿಂದ ಇನ್ನೊಂದಕ್ಕೆ ಸೋರಿ, ಗೋಡೆಯ ಬುಡದಲ್ಲಿ ಫರ್ಸಿಯ ಮೇಲೆ ಮಡುಗಟ್ಟಿತ್ತು. ತಮ್ಮನ ಬಿಳಿ ಅಂಗಿಯ ಹೆಗಲೂ ಕೆಂಪಾಗಿತ್ತು. ಅಯ್ಯನವರು ಓದುವುದನ್ನು ನಿಲ್ಲಿಸಿದರು. ಜಾಳಿ ಹಾಳಾಯಿತು, ಪದ್ಧತಿ ಗೊತ್ತಿದ್ದೂ ಹೀಗೆ ಮಾಡಿದರಲ್ಲ ಎಂದು ಎಲ್ಲರೂ ಅಂದುಕೊಳ್ಳುತ್ತಿರುವರೆಂದು ನನಗೆ ನಾಚಿಕೆಯಾಯಿತು.

ಆಗ ಅವ್ವನ ಗೆಳತಿ, ನಮ್ಮ ಸಭೆಯಲ್ಲಿ ಈಗ ಎಲ್ಲರಿಗಿಂತ ಹಿರಿಯಾಕೆ, ಕೂತಲ್ಲಿಂದಲೇ ಕೈ ಚಾಚಿ ಸೀರೆಯ ಅಂಚನ್ನು ಮುಟ್ಟಿದಳು. ಬೆರಳಿಗೆ ಹತ್ತಿದ ಬಣ್ಣ ನೋಡಿದಳು.

"ಹೊಸಾ ಸೀರಿ ಐತಿ ಇದು," ಅಂದಳು. "ಒಮ್ಮಿನೂ ಉಟ್ಟಿಲ್ಲ ಅಕಿ."

ಇಡೀ ದೇವಾಲಯಕ್ಕೆ ಕೇಳಿಸಿತು. ನನಗೆ ಒಮ್ಮೆಲೇ ಎಲ್ಲ ತಿಳಿಯಿತು. ತಮ್ಮನ ಮದುವೆಯಲ್ಲಿ ಉಟ್ಟದ್ದಲ್ಲ, ಎಲ್ಲೂ ಉಟ್ಟದ್ದಲ್ಲ. ಎಲ್ಲರೂ ಹಳತು ಕೊಟ್ಟ ಗೋಡೆಗೆ ನಮ್ಮವ್ವ ಹೊಸದನ್ನು ಎತ್ತಿಟ್ಟಿದ್ದಳು. ಬಣ್ಣ ಬಿಡುತ್ತದೆಂದು ಅವಳಿಗೆ ಗೊತ್ತಿರಲಿಲ್ಲವೇ? ಜೀವಮಾನವೆಲ್ಲ ಆ ಗೋಡೆಗೆ ಸೀರೆ ತೋಯಿಸಿದವಳು, ಹೊಸ ಸೊಸೆಯಂದಿರಿಗೆ ನಿಯಮ ಹೇಳಿಕೊಟ್ಟವಳು. ಗೊತ್ತಿದ್ದೇ ಇಟ್ಟಿದ್ದಳು. ಬಣ್ಣ ಹೋದ ಸೀರೆಯಲ್ಲೇ ಬದುಕಿದವಳು ಆ ಗೋಡೆಗಾದರೂ ಬಣ್ಣದಲ್ಲಿ ಹೋಗಬೇಕೆಂದು ಆಸೆಪಟ್ಟಿದ್ದಳು. ನನಗೆ ಅಳು ಬಂತು. ಅದರ ಜೊತೆಗೇ ಎಂಥ ಹೆಮ್ಮೆ ಬಂತೆಂದರೆ, ಅಂಥ ಹೆಮ್ಮೆ ನನಗೆ ನನ್ನ ಯಾವ ಕೆಲಸದಿಂದಲೂ ಬಂದಿರಲಿಲ್ಲ. ಗಂಡಸರ ಸಾಲಿನಲ್ಲಿ ತಮ್ಮ ಮುಖ ಮುಚ್ಚಿಕೊಂಡು ಕೂತಿದ್ದ, ಅವನ ಕೆಂಪು ಹೆಗಲು ಅಲುಗುತ್ತಿತ್ತು. ಅಯ್ಯನವರು ಕೆಮ್ಮದೆ, ನಿಲ್ಲಿಸಿದಲ್ಲಿಂದ ಓದಿದರು.

ಕೊನೆಯಲ್ಲಿ ಪ್ರಕಟಣೆ ಓದುವುದು ಸೆಕ್ರೆಟರಿಯ ಕೆಲಸ. ತಮ್ಮ ಎದ್ದು ನಿಂತು ಹುಟ್ಟುಹಬ್ಬದವರ ಹೆಸರು ಓದಿದ, ಬುಧವಾರ ಪ್ರಾರ್ಥನೆ ಯಾರ ಮನೆಯಲ್ಲೆಂದು ಓದಿದ. ಗಾಜಿನ ಮಾತು ಬರಬೇಕಾದ ಜಾಗದಲ್ಲಿ ಚೀಟಿ ಮಡಚಿ ಜೇಬಿಗಿಟ್ಟ.

"ಮುಂದಿನ ರವಿವಾರ ತೋಯ್ಸೂ ಪಾಳಿ ನಂದು," ಅಂದ. "ಅದರ ಮುಂದಿಂದು ಕಮಿಟಿಯವರು ಹೇಳ್ರಿ."

ಕಮಿಟಿಯ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಂಗಸರ ಕಡೆ ಮೊದಲು ಒಬ್ಬಳು ನಕ್ಕಳು, ಆಮೇಲೆ ಎಲ್ಲರೂ. ಈಗ ಸುಗ್ಗಿಯ ರವಿವಾರ ಬೆಳಗ್ಗೆ ಬಂದು ನೋಡಬೇಕು ನೀವು. ರೈಲ್ವೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು, ಬ್ಯಾಂಕ್ ಮ್ಯಾನೇಜರ್ ಆಗಿದ್ದವರು, ಪ್ಯಾಂಟು ಮಡಚಿಕೊಂಡು ಬಾವಿಕಟ್ಟೆಯ ಮೇಲೆ ಹೆಂಡತಿಯ ಸೀರೆ ಹಿಂಡುತ್ತಿರುತ್ತಾರೆ. ಹೆಂಗಸರು ಮೆಟ್ಟಿಲ ಮೇಲೆ ಕೂತು, ಹಿಂಗಲ್ರಿ ಹಂಗ ಎಂದು ಹೇಳಿಕೊಡುತ್ತಿರುತ್ತಾರೆ. ಅಯ್ಯನವರ ದಮ್ಮಿಗೆ ಒದ್ದೆ ಸೀರೆಯೇ ಸಾಕಾಗಿದೆ. ಸೀರೆಗಳನ್ನು ಪ್ರಸಂಗದ ನಡುವೆ ಇನ್ನೊಮ್ಮೆ ತೋಯಿಸಬೇಕು, ಅಷ್ಟೆ. ಪ್ರಸಂಗ ಉದ್ದವಾದರೆ ಗಂಡಸರೇ ಎದ್ದು ಬಕೆಟ್ಟು ಹಿಡಿಯುತ್ತಾರೆ, ಅದನ್ನು ಕಂಡು ಅಯ್ಯನವರು ಚುಟುಕು ಮಾಡುತ್ತಾರೆ.

ಕ್ರಿಸ್‌ಮಸ್ ಹತ್ತಿರ ಬಂದಾಗ ಪ್ರತಿ ವರ್ಷದಂತೆ ಸುಣ್ಣ ಹೊಡೆಯುವವರು ಬಂದರು. ಕೆಂಪು ಹತ್ತಿದ ಬಿಲ್ಲೆಗಳನ್ನು ನೋಡಿ, ಇದಕ್ಕೆ ಎರಡು ಕೈ ಹೆಚ್ಚು ಹೊಡೆಯಬೇಕು ಅಂದರು. ನಾನು ಬಾಯಿ ತೆರೆಯುವ ಮೊದಲೇ ತಮ್ಮ ಗೋಡೆಗೆ ಬೆನ್ನು ಕೊಟ್ಟು ನಿಂತುಬಿಟ್ಟ. ಅವರು ಉಳಿದದ್ದಕ್ಕೆಲ್ಲ ಹೊಡೆದರು. ಸುತ್ತಲೂ ಬಿಳಿ, ನಡುವೆ ಒಂದು ಸೀರೆಯಗಲದ ಕೆಂಪು, ಮೇಲಿನಿಂದ ಬುಡದವರೆಗೆ.

ಗೋದಾಮು ಅನ್ನುವವರು ಈಗಲೂ ಬರುತ್ತಾರೆ. ನನಗೆ ಈಗಲೂ ಸಿಟ್ಟು ಬರುತ್ತದೆ. ಆದರೆ ಜಗಳಕ್ಕೆ ನಿಲ್ಲುವುದಿಲ್ಲ, ಚಪ್ಪಲಿ ಬಿಡಿಸಿ, ತಲೆ ಬಗ್ಗಿಸಲು ಹೇಳಿ ಒಳಗೆ ಕರೆದುಕೊಂಡು ಹೋಗುತ್ತೇನೆ. ಸೂರು ನೋಡುತ್ತಾರೆ, ಶಿಲುಬೆಯ ಮೇಲಿನ ಬೆಳಕು ನೋಡುತ್ತಾರೆ, ಕೊನೆಗೆ ಪಡುವಣ ಗೋಡೆಯ ಮುಂದೆ ನಿಂತು, ಇದೇನ್ರಿ ಟೀಚರ್, ಮೆಣಸಿನಕಾಯಿ ಬಣ್ಣ ಹತ್ತಿತೇನು ಎಂದು ಕೇಳುತ್ತಾರೆ.

ಅಲ್ಲ ಅನ್ನುತ್ತೇನೆ. ನಮ್ಮವ್ವ ಉಡದೆ ಉಳಿಸಿದ್ದು ಅನ್ನುತ್ತೇನೆ.